ಕಿಟಕಿ ಕಡೆಯ ಅರ್ಧ

ಸೀಲಿಂಗಣ್ಣ ಯಾರ ಮನೆಗೆ ಹೋದರೂ ಮೊದಲು ನೋಡುವುದು ಅಲ್ಲಿನವರ ಮುಖವನ್ನಲ್ಲ, ತಲೆಯ ಮೇಲಿನ ಸೂರನ್ನು. ಮದುವೆಯ ಮಾತಿಗೆಂದು ಮೊದಲ ಸಲ ಹೆಂಡತಿಯ ಮನೆಗೆ ಹೋದಾಗಲೂ ಹೀಗೇ ಮಾಡಿದ್ದನಂತೆ. ಹುಡುಗಿ ನೀರಿನ ಲೋಟ ಹಿಡಿದು ಎದುರಿಗೆ ನಿಂತಿದ್ದಾಳೆ, ಈ ಮಹಾರಾಯ ಕತ್ತೆತ್ತಿಕೊಂಡು ಮೂಲೆಯಲ್ಲಿದ್ದ ಬಿರುಕನ್ನು ನೋಡುತ್ತಾ ಕೂತಿದ್ದಾನೆ. "ಗಂಡಿಗೆ ಕತ್ತು ಹಿಡ್ಕೊಂಡಿದೆ ಅಂತ ನಮ್ಮಪ್ಪ ಹೆದರ್ಕೊಂಡಿದ್ರು" ಎಂದು ಅವಳು ಈಗಲೂ ಹೇಳಿಕೊಂಡು ನಗುತ್ತಾಳೆ. ಅದಾಗಿ ಇಪ್ಪತ್ತಾರು ವರ್ಷ. ಅಷ್ಟೂ ವರ್ಷ ಅವನು ಜಿಪ್ಸಂ ಬೋರ್ಡುಗಳನ್ನು ಜನರ ತಲೆಯ ಮೇಲೆ ಕೂರಿಸುತ್ತಲೇ ಬಂದಿದ್ದಾನೆ.

ಹೆದರಿಕೆ ಅವನಿಗೆ ಹುಟ್ಟುಗುಣ. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದ ಮೇಲೆ ಹಿಂದಿರುಗಿ ಬಂದು ಬೀಗ ಜಗ್ಗಿ ನೋಡದಿದ್ದರೆ ಆ ದಿನ ಅವನಿಗೆ ಕೈಕಾಲೇ ಆಡುವುದಿಲ್ಲ. ಆದರೆ ಕಸುಬಿನಲ್ಲಿ ಅವನಿಗೆ ಹೆಸರು ತಂದುಕೊಟ್ಟದ್ದೂ ಇದೇ ಪುಕ್ಕಲುತನ. ಬೇರೆಯವರು ಹನ್ನೆರಡು ಇಂಚಿಗೊಂದು ಸ್ಕ್ರೂ ಹೊಡೆದರೆ ಇವನು ಎಂಟು ಇಂಚಿಗೊಂದು ಹೊಡೆಯುತ್ತಾನೆ. "ಭಾವ, ನೀನು ಮಾಡ್ತಿರೋದು ಸೀಲಿಂಗೋ ಮುಳ್ಳುಹಂದಿಯೋ?" ಎಂದು ಜೊತೆಯಲ್ಲಿ ಕೆಲಸ ಮಾಡುವ ಭಾಮೈದ ರೇಗಿಸುತ್ತಾನೆ. ಹೆಂಡತಿಯ ತಮ್ಮನಾದ ಈ ಭಾಮೈದನಿಗೆ ನಲವತ್ತು ದಾಟಿದೆ, ಬಾಯಿಗೆ ಮಾತ್ರ ಇನ್ನೂ ಹದಿನೆಂಟು. ಇಬ್ಬರೂ ಹದಿನಾಲ್ಕು ವರ್ಷದಿಂದ ಒಟ್ಟಿಗೆ ಇದ್ದಾರೆ. ಅವರು ಕೂರಿಸಿದ ಒಂದು ಬೋರ್ಡೂ ಇದುವರೆಗೆ ಕೆಳಗೆ ಬಂದಿರಲಿಲ್ಲ.

ಶಿಶುವಿಹಾರದ ಕೆಲಸ ಸಿಕ್ಕಿದ್ದು ಮೇಲಿನ ಮಹಡಿಯ ಕುಣಿತದ ದೆಸೆಯಿಂದ. ಕೆಳಗೆ ಹದಿನಾಲ್ಕು ಮಕ್ಕಳು ಊಟ ಮುಗಿಸಿ, ಪುಟ್ಟ ಪುಟ್ಟ ಹಾಸಿಗೆ ಹಾಸಿಕೊಂಡು ಒಂದರಿಂದ ಮೂರರವರೆಗೆ ಮಲಗುವ ದೊಡ್ಡ ಕೋಣೆ. ಅದರ ನೆತ್ತಿಯ ಮೇಲೆ ಹೊಸದಾಗಿ ಬಂದ ನೃತ್ಯದ ತರಗತಿ. ಎರಡು ಗಂಟೆಗೆ ಸರಿಯಾಗಿ ಮೇಲೆ ಧಬಧಬ ಶುರುವಾಗುತ್ತಿತ್ತು, ಕೆಳಗೆ ಒಂದು ಮಗು ಎದ್ದು ಅತ್ತರೆ ಉಳಿದ ಹದಿಮೂರೂ ರಾಗ ಸೇರಿಸುತ್ತಿದ್ದವು. ಶಿಶುವಿಹಾರ ನಡೆಸುವ ಟೀಚರಮ್ಮ ಮೇಲಿನವರ ಜೊತೆ ಜಗಳವಾಡಿ ಸಾಕಾಗಿ, ಕೊನೆಗೆ ಸದ್ದು ತಡೆಯುವ ಎರಡು ಪದರದ ಸೀಲಿಂಗ್ ಹಾಕಿಸುವುದೆಂದು ತೀರ್ಮಾನಿಸಿದರು. ಐದು ದಿನ ರಜೆಯಿತ್ತು. ಅಷ್ಟರಲ್ಲಿ ಕೆಲಸ ಮುಗಿಯಬೇಕು.

ಒಂದೇ ಪದರವಾದರೆ ಅದರಲ್ಲಿ ಅಂಥ ವಿದ್ಯೆಯೇನಿಲ್ಲ. ಮೇಲೆ ಕಬ್ಬಿಣದ ಚಾನೆಲ್ಲುಗಳ ಚೌಕಟ್ಟು, ಅದಕ್ಕೆ ಅರ್ಧ ಇಂಚು ದಪ್ಪದ ಬೋರ್ಡನ್ನು ಆನಿಸಿ ಒಂದಿಂಚಿನ ಸ್ಕ್ರೂ ಹೊಡೆದರೆ ಆಯಿತು. ಎರಡನೆಯ ಪದರ ಬಂದಾಗ ಲೆಕ್ಕ ಬದಲಾಗುತ್ತದೆ. ಮೊದಲ ಪದರದ ಜಾಯಿಂಟಿನ ನೇರಕ್ಕೆ ಎರಡನೆಯದರ ಜಾಯಿಂಟ್ ಬರಕೂಡದು, ಇಟ್ಟಿಗೆ ಗೋಡೆ ಕಟ್ಟುವಾಗ ಮಾಡುವ ಹಾಗೆ ಸರಿಸಿ ಕೂರಿಸಬೇಕು. ಸ್ಕ್ರೂ ಕೂಡ ಒಂದೂವರೆ ಇಂಚಿನದೇ ಆಗಬೇಕು. ಎರಡು ಬೋರ್ಡು ಸೇರಿದರೆ ಒಂದಿಂಚು ಆಗಿಬಿಡುತ್ತದೆ. ಗಿಡ್ಡ ಸ್ಕ್ರೂ ಹಾಕಿದರೆ ಅದು ಬೋರ್ಡಿನೊಳಗೇ ಮುಗಿದುಹೋಗುತ್ತದೆ, ಕಬ್ಬಿಣವನ್ನು ಕಚ್ಚುವುದೇ ಇಲ್ಲ. ಉದ್ದನೆಯದು ಕಬ್ಬಿಣ ಕಚ್ಚಿದಾಗ ಸ್ಕ್ರೂ ತಿರುಗಿಸುವ ಮಶೀನು ಕಿರ್ರೆನ್ನುತ್ತದೆ. ಆ ಕಿರ್ರ್ ಕೇಳಿದ ಮೇಲೆಯೇ ಸೀಲಿಂಗಣ್ಣ ಮುಂದಿನ ಸ್ಕ್ರೂಗೆ ಕೈ ಹಾಕುತ್ತಿದ್ದುದು.

ಮೂರನೆಯ ದಿನ ಎರಡನೆಯ ಪದರ ಶುರುವಾಯಿತು. ಬೆಳಿಗ್ಗೆ ಬಾಗಿಲ ಕಡೆಯ ಅರ್ಧ ಸಲೀಸಾಗಿ ಮುಗಿಯಿತು. ಊಟವಾದ ಮೇಲೆ ಅವನ ಬಲಭುಜ ಹಿಡಿದುಕೊಂಡಿತು. ಒಂದು ವರ್ಷದಿಂದ ಕಾಡುತ್ತಿದ್ದ ನೋವು, ಯಾರಿಗೂ ಹೇಳಿರಲಿಲ್ಲ. ಮೇಲೆ ಯಾವುದೋ ಪ್ರದರ್ಶನದ ತಾಲೀಮು ನಡೆಯುತ್ತಿತ್ತು, ತಲೆ ಸಿಡಿದುಹೋಗುವಷ್ಟು ಗದ್ದಲ. ಇಬ್ಬರೂ ಕಿವಿಗೆ ಹತ್ತಿ ತುರುಕಿಕೊಂಡರು. ಸೀಲಿಂಗಣ್ಣ ಮಶೀನನ್ನು ಎಡಗೈಗೆ ಬದಲಾಯಿಸಿಕೊಂಡು, ಸ್ಕ್ರೂ ಚೀಲವನ್ನು ಎಡ ಸೊಂಟದಿಂದ ಬಲ ಸೊಂಟಕ್ಕೆ ಎಳೆದುಕೊಂಡ. ಎರಡು ಜೇಬಿನ ಚೀಲ ಅದು. ಮುಂದಿನ ಜೇಬಿನಲ್ಲಿ ಉದ್ದನೆಯ ಸ್ಕ್ರೂ, ಹಿಂದಿನದರಲ್ಲಿ ಗಿಡ್ಡವು. ಭಾಮೈದ ಬೋರ್ಡನ್ನು ಊರುಗೋಲಿನಿಂದ ಎತ್ತಿ ಹಿಡಿದ, ಇವನು ಹೊಡೆಯುತ್ತಾ ಹೋದ. ಸಂಜೆಯ ಹೊತ್ತಿಗೆ ಕಿಟಕಿ ಕಡೆಯ ಎಂಟು ಬೋರ್ಡೂ ಮೇಲೇರಿದವು. ಮರುದಿನ ಜಾಯಿಂಟುಗಳಿಗೆ ಟೇಪು, ಸ್ಕ್ರೂ ತಲೆಗಳಿಗೆ ಪುಟ್ಟಿ. ಅದರ ಮರುದಿನ ಬಣ್ಣ. ಟೀಚರಮ್ಮ ಕತ್ತೆತ್ತಿ ನೋಡಿ "ಹಾಲು ಚೆಲ್ಲಿದ ಹಾಗಿದೆ ಕಣ್ರೀ" ಎಂದು ಮೆಚ್ಚಿದರು. ಸೋಮವಾರ ಮಕ್ಕಳು ಬಂದರು.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸೀಲಿಂಗಣ್ಣ ಬೇರೆ ಕಡೆ, ಒಂದು ಕಚೇರಿಯಲ್ಲಿ ಏಣಿಯ ಮೇಲಿದ್ದ. ಅಲ್ಲಿಯೂ ಎರಡು ಪದರ. ಭುಜ ಮತ್ತೆ ಹಿಡಿಯಿತು. ಮಶೀನು ಎಡಗೈಗೆ ಬಂತು, ಚೀಲ ಬಲಕ್ಕೆ ಬಂತು. ಮುಂದಿನ ಜೇಬಿಗೆ ಕೈಹಾಕಿ ಸ್ಕ್ರೂ ತೆಗೆದು ಹೊಡೆದ. ಕಿರ್ರ್ ಎನ್ನಲಿಲ್ಲ. ಕೋಣೆ ನಿಶ್ಶಬ್ದವಾಗಿತ್ತು, ಕಿವಿಯಲ್ಲಿ ಹತ್ತಿಯಿರಲಿಲ್ಲ. ಇನ್ನೊಂದು ಹೊಡೆದ. ಅದೂ ಬೆಣ್ಣೆಗೆ ಹೊಕ್ಕ ಹಾಗೆ ಸುಮ್ಮನೆ ಒಳಗೆ ಹೋಯಿತು. ಮೂರನೆಯದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಒಂದಿಂಚು.

ಚೀಲದ ಕಡೆ ನೋಡಿದ. ಎಡ ಸೊಂಟದಲ್ಲಿ ಮುಂದಿದ್ದ ಜೇಬು, ಬಲ ಸೊಂಟಕ್ಕೆ ಬರುವಷ್ಟರಲ್ಲಿ ಹಿಂದಾಗಿತ್ತು.

ಶಿಶುವಿಹಾರದ ಆ ಮಧ್ಯಾಹ್ನ ಪೂರ್ತಿಯಾಗಿ ಕಣ್ಣ ಮುಂದೆ ಬಂದು ನಿಂತಿತು. ಎಂಟು ಬೋರ್ಡು, ಒಂದೊಂದು ಇಪ್ಪತ್ತೈದು ಕಿಲೋ, ಒಟ್ಟು ಇನ್ನೂರು ಕಿಲೋ. ಅಷ್ಟೂ ಭಾರ ಬರೀ ಮೇಲಿನ ಬೋರ್ಡಿನ ಸುಣ್ಣದಂಥ ಪುಡಿಯನ್ನು ಹಿಡಿದುಕೊಂಡು ನೇತಾಡುತ್ತಿದೆ. ಅದರ ನೆತ್ತಿಯ ಮೇಲೆ ದಿನಾ ಒಂದು ಗಂಟೆ ಇಪ್ಪತ್ತು ಮಂದಿ ಕುಣಿಯುತ್ತಾರೆ. ಅಲುಗಾಡಿ ಅಲುಗಾಡಿ ಪುಡಿ ಉದುರಿದಂತೆಲ್ಲಾ ಸ್ಕ್ರೂಗಳ ಹಿಡಿತ ಸಡಿಲವಾಗುತ್ತದೆ. ಕೆಳಗೆ ಯಾರು ಮಲಗುತ್ತಾರೆಂಬುದನ್ನು ಅವನು ಯೋಚಿಸಲಿಲ್ಲ, ಯೋಚಿಸುವ ಧೈರ್ಯ ಬರಲಿಲ್ಲ.

"ಏನ್ ಭಾವ, ಏಣಿ ಮೇಲೆ ತಪಸ್ಸಿಗೆ ಕೂತ್ಯಾ?" ಎಂದ ಭಾಮೈದ ಕೆಳಗಿನಿಂದ.

ಸೀಲಿಂಗಣ್ಣ ಇಳಿದು ಬಂದು ಸ್ಕ್ರೂವನ್ನು ಅವನ ಕೈಗಿಟ್ಟು ನಡೆದದ್ದನ್ನು ಹೇಳಿದ. ಯಾವಾಗಲೂ ಹಲ್ಲು ಬಿಡುವ ಭಾಮೈದನ ಮುಖ ಹುಳ್ಳಗಾಯಿತು. ಆದರೆ ಅವನು ಬೇಗ ಸುಧಾರಿಸಿಕೊಳ್ಳುವ ಆಸಾಮಿ. "ನೋಡು ಭಾವ, ಈಗ ಹೋಗಿ ಬೊಬ್ಬೆ ಹೊಡೀಬೇಡ. ಭಾನುವಾರ ರಜೆ ಇರತ್ತಲ್ಲ, ಬಣ್ಣ ಸ್ವಲ್ಪ ಸರಿ ಮಾಡ್ಬೇಕು ಮೇಡಂ ಅಂತ ಹೇಳಿ ಒಳಗೆ ಹೋಗೋಣ. ಹಳೇ ಸ್ಕ್ರೂ ಪಕ್ಕದಲ್ಲೇ ಉದ್ದ ಸ್ಕ್ರೂ ಹೊಡ್ದು, ಪುಟ್ಟಿ ಬಳಿದು ಬಂದ್ಬಿಡೋಣ. ಯಾರಿಗೂ ಗೊತ್ತಾಗಲ್ಲ."

"ಅಲ್ಲೀವರೆಗೂ ನಿಲ್ಲತ್ತಾ?"

"ಇಷ್ಟು ದಿನ ನಿಂತಿಲ್ವಾ? ಮೇಲೆ ಟೇಪು, ಪುಟ್ಟಿ ಎಲ್ಲಾ ಹಿಡ್ಕೊಂಡಿದೆ. ನಿಲ್ಲತ್ತೆ ಬಿಡು."

ಆ ಮಾತು ಕೇಳಿ ಸೀಲಿಂಗಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ನಿಲ್ಲುತ್ತದೆ ಎಂದು ಬೇರೊಬ್ಬರ ಬಾಯಲ್ಲಿ ಕೇಳುವುದಷ್ಟೇ ಅವನಿಗೆ ಬೇಕಾಗಿತ್ತು. ಟೇಪು ಮತ್ತು ಪುಟ್ಟಿ ಇನ್ನೂರು ಕಿಲೋ ಹೊರುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೇ? ಅವನಿಗೆ ಗೊತ್ತಿಲ್ಲದಿದ್ದರೆ ಮತ್ಯಾರಿಗೆ ಗೊತ್ತಿರಬೇಕು! ಆದರೂ ತಲೆಯಾಡಿಸಿ ಏಣಿ ಹತ್ತಿದ. ಎರಡು ಗಂಟೆಯಿಂದ ಮೂರಾಗುವವರೆಗೂ ಗಡಿಯಾರ ನೋಡುತ್ತಲೇ ಇದ್ದ. ಫೋನು ಬಂದಾಗಲೆಲ್ಲಾ ಜೀವ ಬಾಯಿಗೆ ಬರುತ್ತಿತ್ತು.

ಸಂಜೆ ತಟ್ಟೆಯ ಮುಂದೆ ಕೂತವನು ಎರಡು ತುತ್ತು ತಿಂದು ಕೈ ನಿಲ್ಲಿಸಿದ. ಅವನ ಹೆಂಡತಿಯ ಮುಂದೆ ಗುಟ್ಟು ನಿಲ್ಲುವುದಿಲ್ಲ. "ಹಂಗ್ಯಾಕೆ ನಮ್ಮನೆ ಸೂರು ನೋಡ್ತಾ ಕೂತಿದ್ದೀರಾ? ಅದೇನು ಹೊಸದಾ?" ಎಂದಳು. ಅವನು ಹೇಳಿದ. ತಮ್ಮನ ಉಪಾಯವನ್ನೂ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದಳು.

"ಸರಿ, ಭಾನುವಾರ ಹೋಗ್ತೀರಾ. ಭಾನುವಾರದವರೆಗೂ ಆ ಮಕ್ಕಳು ಎಲ್ಲಿ ಮಲಗ್ತವೆ?"

ಅವನು ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಕಡೆಗೆ ಒತ್ತರಿಸಿದ.

"ನನ್ ತಮ್ಮ ಹೇಳ್ದ ಅಂತ ಕೇಳ್ಕೊಂಡು ಬಂದ್ರಲ್ಲ, ಅವ್ನಿಗೆ ಬುದ್ಧಿ ಯಾವಾಗ ಇತ್ತು? ಬೆಳಿಗ್ಗೆ ಎದ್ದ ತಕ್ಷಣ ಹೋಗಿ ಹೇಳಿ. ಅವ್ರು ಉಗೀತಾರೆ, ಉಗಿಸ್ಕೊಳ್ಳಿ."

ಬೆಳಿಗ್ಗೆ ಒಂಬತ್ತಕ್ಕೆ ಸೀಲಿಂಗಣ್ಣ ಶಿಶುವಿಹಾರದ ಗೇಟಿನ ಎದುರು ನಿಂತಿದ್ದ. ಅಪ್ಪಂದಿರು, ಅಮ್ಮಂದಿರು, ಒಬ್ಬ ಅಜ್ಜ, ಎಲ್ಲರೂ ಮಕ್ಕಳನ್ನು ಬಿಡಲು ಬಂದಿದ್ದರು. ಒಬ್ಬಳು ತಾಯಿ ಮಗಳ ಚಪ್ಪಲಿಯ ಪಟ್ಟಿ ಸರಿಮಾಡುತ್ತಾ ಬಗ್ಗಿದ್ದಳು. ಟೀಚರಮ್ಮ ಬಾಗಿಲಲ್ಲಿ ನಿಂತು ಒಂದೊಂದೇ ಮಗುವಿನ ಚೀಲ ತೆಗೆದುಕೊಳ್ಳುತ್ತಾ, ಇವನನ್ನು ಕಂಡು ನಕ್ಕರು. "ಏನ್ ಸೀಲಿಂಗಣ್ಣ, ನಿಮ್ಮ ಸೀಲಿಂಗ್ ನೋಡೋಕೆ ಬಂದ್ರಾ? ಮಕ್ಕಳು ಈಗ ಕಲ್ಲು ಬಿದ್ದಂಗೆ ಮಲಗ್ತವೆ ನೋಡಿ. ಮೇಲಿನ ಸದ್ದು ಒಂಚೂರೂ ಗೊತ್ತಾಗಲ್ಲ!" ಅಜ್ಜನೂ ತಿರುಗಿ ಇವನತ್ತ ಮೆಚ್ಚುಗೆಯಿಂದ ನೋಡಿದ. ಸೀಲಿಂಗಣ್ಣ "ಇಲ್ಲ ಮೇಡಂ, ಈ ಕಡೆ ಬಂದಿದ್ದೆ" ಎಂದು ಹೇಳಿ ರಸ್ತೆ ದಾಟಿಬಿಟ್ಟ. ಇದಕ್ಕೆ ಎಷ್ಟು ಸಮಾಧಾನ ಹೇಳಿದರೂ ಹೇಡಿತನವೆಂದೇ ಹೆಸರು.

ಕೆಲಸಕ್ಕೂ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ, ಎದ್ದ, ಅದೇ ರಸ್ತೆಯಲ್ಲಿ ನಾಲ್ಕು ಸಲ ಹೋಗಿ ಬಂದ. ಜನ ಕಡಿಮೆಯಾದ ಮೇಲೆ ಹೋಗುತ್ತೇನೆ ಎಂದುಕೊಂಡ. ಜನ ಕಡಿಮೆಯಾದ ಮೇಲೆ, ಪಾಠದ ನಡುವೆ ಹೇಗೆ ಹೋಗುವುದು ಎಂದುಕೊಂಡ. ಆಮೇಲೆ ಊಟದ ಹೊತ್ತು. ಒಂದೊಂದಕ್ಕೂ ಒಂದು ನೆವ ತಾನಾಗಿಯೇ ಒದಗುತ್ತಿತ್ತು. ಎರಡಕ್ಕೆ ಐದು ನಿಮಿಷವಿರುವಾಗ ನೃತ್ಯದ ತರಗತಿಯವರು ನೀರಿನ ಬಾಟಲಿ ಹಿಡಿದು, ಹರಟುತ್ತಾ, ಒಬ್ಬರ ಹಿಂದೊಬ್ಬರು ಮಹಡಿ ಮೆಟ್ಟಿಲು ಹತ್ತುವುದನ್ನು ಕಂಡ. ಎಣಿಸಿದ. ಇಪ್ಪತ್ತಮೂರು. ಆಮೇಲೆ ಅವನ ಕಾಲು ಅವನ ಅಪ್ಪಣೆಗೆ ಕಾಯಲಿಲ್ಲ. ರಸ್ತೆ ದಾಟಿ ಓಡಿದ.

ಬಾಗಿಲು ತೆರೆದ ಆಯಾ ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಅರೆಬೆಳಕು. ಹದಿನಾಲ್ಕು ಹಾಸಿಗೆಗಳಲ್ಲಿ ಒಂಬತ್ತು ಕಿಟಕಿ ಕಡೆಯಲ್ಲಿದ್ದವು, ಅಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು. ಒಂದು ಮಗು ಬೋರಲಾಗಿ, ಒಂದು ಬಾಯಿ ಬಿಟ್ಟುಕೊಂಡು, ಇನ್ನೊಂದು ಹಾಸಿಗೆಯಿಂದ ಅರ್ಧ ಹೊರಗೆ ಉರುಳಿ. ಸೀಲಿಂಗಣ್ಣ ಕತ್ತೆತ್ತಿದ. ಬಣ್ಣದ ಮೇಲೆ, ಜಾಯಿಂಟಿನ ಉದ್ದಕ್ಕೂ, ಕೂದಲೆಳೆಯಷ್ಟು ಸಣ್ಣ ಬಿರುಕು ಕಿಟಕಿಯಿಂದ ಕೋಣೆಯ ನಡುವಿನವರೆಗೆ ಓಡಿತ್ತು. ಮೇಲೆ ಕುಣಿತ ಶುರುವಾಯಿತು. ಕೆಳಗೆ ಕೇಳಿಸಿದ್ದು ತೀರಾ ಮೆಲ್ಲಗೆ, ಪಕ್ಕದ ಮನೆಯಲ್ಲಿ ಯಾರೋ ಹಿಟ್ಟು ಜರಡಿ ಹಿಡಿದಷ್ಟು. ಅವನ ಎದೆಯಲ್ಲಿ ಮಾತ್ರ ಅವಲಕ್ಕಿ ಕುಟ್ಟುತ್ತಿತ್ತು. ಕೂಗುವಂತಿಲ್ಲ, ಮಕ್ಕಳು ಗಾಬರಿಯಿಂದ ಎದ್ದು ಅತ್ತಿತ್ತ ಓಡಿದರೆ ಇನ್ನೂ ಕಷ್ಟ.

ಮೂಲೆಯ ಮೇಜಿನ ಬಳಿ ಕೂತಿದ್ದ ಟೀಚರಮ್ಮನ ಹತ್ತಿರ ಹೋಗಿ ಪಿಸುಗುಟ್ಟಿದ. "ಮೇಡಂ, ಕಿಟಕಿ ಕಡೆ ಸೀಲಿಂಗ್ ಬೀಳಬಹುದು. ನಾನು ತಪ್ಪು ಸ್ಕ್ರೂ ಹಾಕ್ಬಿಟ್ಟಿದೀನಿ. ಮಕ್ಕಳನ್ನ ಬಾಗಿಲ ಕಡೆ ತರ್ಬೇಕು. ಈಗಲೇ."

ಟೀಚರಮ್ಮ ಏನೂ ಕೇಳಲಿಲ್ಲ. ಆಯಾಳ ಕಿವಿಯಲ್ಲಿ ಹೇಳಿ ಅವಳನ್ನು ಕುಣಿತ ನಿಲ್ಲಿಸಲು ಮೇಲಕ್ಕೆ ಓಡಿಸಿದರು, ತಾವು ಹೋಗಿ ಮೊದಲನೆಯ ಹಾಸಿಗೆಯ ತುದಿ ಹಿಡಿದರು. ಇನ್ನೊಂದು ತುದಿ ಸೀಲಿಂಗಣ್ಣ ಹಿಡಿದ. ಮಗು ಎಚ್ಚರವಾಗದ ಹಾಗೆ, ಹಾಸಿಗೆಯ ಸಮೇತ ಎತ್ತಿ ಬಾಗಿಲ ಕಡೆಗೆ ತಂದಿಟ್ಟರು. ಇನ್ನೊಂದು. ಮತ್ತೊಂದು. ಭುಜದ ನೋವಿಗೆ ಅವನ ಕಣ್ಣಲ್ಲಿ ನೀರು ಬಂತು, ಹಲ್ಲುಕಚ್ಚಿ ಎತ್ತಿದ. ಪ್ರತಿ ಸಲ ಆ ಬಿರುಕಿನ ಕೆಳಗೆ ಹೋಗುವಾಗ ಬೆನ್ನು ತಾನಾಗಿಯೇ ಮಗುವಿನ ಮೇಲೆ ಬಾಗುತ್ತಿತ್ತು. ಆರನೆಯ ಮಗುವನ್ನು ಎತ್ತುವಾಗ ಮೇಲಿನ ಸದ್ದು ನಿಂತಿತು. ಒಂಬತ್ತನೆಯ ಹಾಸಿಗೆ ಬಂದು ಸೇರಿದಾಗ ಇಬ್ಬರೂ ಗೋಡೆಗೆ ಒರಗಿ ನಿಂತರು. ಬಾಗಿಲ ಕಡೆ ಹದಿನಾಲ್ಕು ಮಕ್ಕಳು ಒತ್ತೊತ್ತಾಗಿ ಮಲಗಿದ್ದವು. ಒಂದೂ ಎದ್ದಿರಲಿಲ್ಲ.

ಟೀಚರಮ್ಮ ಅವನನ್ನು ಹೊರಗೆ ಜಗಲಿಗೆ ಕರೆದರು. ಅವನು ಚೀಲ ತಿರುಗಿದ್ದು, ಭುಜದ ನೋವು, ಕಿವಿಯ ಹತ್ತಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವರು ಸುಮ್ಮನೆ ಕೇಳಿದರು. ಕೈತಪ್ಪು ಯಾರಿಂದಲೂ ಆಗುತ್ತದೆ ಎನ್ನುವ ಹಾಗೆ ಒಂದೆರಡು ಸಲ ತಲೆಯನ್ನೂ ಆಡಿಸಿದರು. ಆಮೇಲೆ ಕೇಳಿದರು:

"ಯಾವಾಗ ಗೊತ್ತಾಯ್ತು ನಿಮಗೆ?"

ಈಗ ತಾನೇ ಎಂದುಬಿಡಬಹುದಾಗಿತ್ತು. ಆ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು.

"ನಿನ್ನೆ ಬೆಳಿಗ್ಗೆ" ಎಂದ.

ಟೀಚರಮ್ಮನ ಮುಖ ಬದಲಾಯಿತು. "ನಿನ್ನೆ ಮಧ್ಯಾಹ್ನನೂ ಅವು ಅಲ್ಲೇ ಮಲಗಿದ್ವಲ್ಲ. ಇವತ್ತು ಬೆಳಿಗ್ಗೆ ಬಂದು ನನ್ ಮುಖ ನೋಡಿ ಹೋದ್ರಲ್ಲ."

ಸೀಲಿಂಗಣ್ಣ ತಲೆ ತಗ್ಗಿಸಿದ. ಇಪ್ಪತ್ತಾರು ವರ್ಷದಲ್ಲಿ ಅವನು ಅಷ್ಟು ಹೊತ್ತು ನೆಲ ನೋಡಿದ್ದೇ ಇಲ್ಲ.

ಸಂಜೆ ಅಪ್ಪ ಅಮ್ಮಂದಿರು ಬಂದಾಗ ಟೀಚರಮ್ಮ ಅವನನ್ನು ಗೇಟಿನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು, "ನೀವೇ ಹೇಳಿ" ಎಂದರು. ಹದಿನಾಲ್ಕು ಸಲ ಹೇಳಿದ. ಚಪ್ಪಲಿ ಸರಿಮಾಡುತ್ತಿದ್ದ ತಾಯಿ ಅವನ ಮುಖಕ್ಕೆ ಹೊಡೆದ ಹಾಗೆ ಬೈದಳು. ಬೆಳಿಗ್ಗೆ ಮೆಚ್ಚಿಕೊಂಡು ನೋಡಿದ್ದ ಅಜ್ಜ ಏನೂ ಅನ್ನದೆ ಮೊಮ್ಮಗಳನ್ನು ಎತ್ತಿಕೊಂಡು ಹೋದ. ಬೈದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು. ಎಲ್ಲರೂ ಹೋದ ಮೇಲೆ ಭಾಮೈದ ಏಣಿ, ಊರುಗೋಲು ಹೊತ್ತು ಬಂದ. ಅಕ್ಕನ ಕೈಯಲ್ಲಿ ಚೆನ್ನಾಗಿ ಬೆವರಿಳಿಸಿಕೊಂಡು ಬಂದಿದ್ದನೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಒಂದು ತಮಾಷೆಯನ್ನೂ ಮಾಡಲಿಲ್ಲ. ಬೋರ್ಡುಗಳಿಗೆ ಊರುಗೋಲು ಕೊಟ್ಟು ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿದ. ಸೀಲಿಂಗಣ್ಣ ಗಿಡ್ಡ ಸ್ಕ್ರೂಗಳ ಚೀಲವನ್ನು ಬಾಗಿಲ ಹೊರಗೇ ಬಿಟ್ಟು, ಉದ್ದನೆಯವನ್ನು ಬಟ್ಟಲಲ್ಲಿ ಹಾಕಿಕೊಂಡು ಹತ್ತಿದ. ಪ್ರತಿಯೊಂದನ್ನೂ ಕಣ್ಣ ಮುಂದೆ ಹಿಡಿದು ನೋಡಿ ಹೊಡೆದ. ಕಿರ್ರ್ ಎನ್ನುವವರೆಗೆ ಕಾದ. ನಾನೂರು ಸಲ ಕಾದ.

ಇಳಿದ ಮೇಲೆ ಟೀಚರಮ್ಮ ಕೇಳಿದರು, "ಈಗ ಗಟ್ಟಿಯಾಯ್ತಾ?"

"ಆಯ್ತು ಮೇಡಂ."

"ಹೋದ ವಾರನೂ ನೀವು ಹಾಗೇ ಅಂದಿದ್ರಿ." ಅವರು ದನಿಯೇರಿಸಲಿಲ್ಲ. "ನಿಮಗೆ ಗೊತ್ತಿದ್ದೂ ಮಕ್ಕಳು ಅದರ ಕೆಳಗೆ ಮಲಗಿದ್ದು ಎರಡು ದಿನ. ನೀವೂ ಎರಡು ದಿನ ಮಲಗಿ. ಮೇಲೆ ಕುಣೀಲಿ. ಆಮೇಲೆ ನೋಡೋಣ."

ಭಾಮೈದ ಬಾಯಿ ತೆರೆದ. ಸೀಲಿಂಗಣ್ಣ ಕೈ ಅಡ್ಡ ಹಿಡಿದು, "ಬರ್ತೀನಿ ಮೇಡಂ" ಎಂದ.

ಶುಕ್ರವಾರ ಬಂದ. ಮಕ್ಕಳೆಲ್ಲಾ ಬಾಗಿಲ ಕಡೆ. ಐದು ಮಕ್ಕಳು ಶಿಶುವಿಹಾರಕ್ಕೇ ಬಂದಿರಲಿಲ್ಲ. ಕಿಟಕಿ ಕಡೆಯ ಖಾಲಿ ನೆಲದ ನಡುವೆ ಒಂದು ಪುಟ್ಟ ಹಾಸಿಗೆ. ಅದರ ಮೇಲೆ ಸೊಂಟದವರೆಗೆ ಅವನು, ಕಾಲೆರಡೂ ನೆಲದ ಮೇಲೆ. ಎರಡು ಗಂಟೆಗೆ ಕುಣಿತ ಶುರುವಾಯಿತು. ಹೊಸ ಪುಟ್ಟಿಯ ಚುಕ್ಕಿಗಳನ್ನು ಒಂದೊಂದಾಗಿ ನೋಡುತ್ತಾ ಹೋದ. ತನ್ನ ಕೆಲಸದ ಕೆಳಗೆ ಹೀಗೆ ಅಂಗಾತ ಮಲಗಿ ಅವನು ಎಂದೂ ನೋಡಿರಲಿಲ್ಲ. ಕೂರಿಸಿ, ಕೈ ಒರೆಸಿಕೊಂಡು, ಬೇರೆಯವರನ್ನು ಕೆಳಗೆ ಬಿಟ್ಟು ಹೊರಟುಬಿಡುವುದೇ ರೂಢಿಯಾಗಿತ್ತು. ಇಲ್ಲಿಂದ ಸೀಲಿಂಗ್ ಬಹಳ ಹತ್ತಿರ ಕಾಣುತ್ತದೆ, ಬಹಳ ಭಾರವಾಗಿಯೂ. ಮೂರು ಗಂಟೆಯವರೆಗೆ ರೆಪ್ಪೆ ಮುಚ್ಚಲಿಲ್ಲ.

ಶನಿವಾರ ಅರ್ಧ ದಿನ, ಮಕ್ಕಳು ಮಲಗುವುದಿಲ್ಲ. ಸೋಮವಾರ ಮತ್ತೆ ಬಂದ. ಐದರಲ್ಲಿ ಮೂರು ಮಕ್ಕಳು ಮರಳಿ ಬಂದಿದ್ದವು, ಅಜ್ಜನ ಮೊಮ್ಮಗಳೂ. ಎರಡೂಕಾಲರ ಹೊತ್ತಿಗೆ ಮೇಲೆ ಕುಣಿತ ಜೋರಾಗಿತ್ತು. ಹೆಜ್ಜೆ ಸಪ್ಪಳ ಕೇಳಿ ಸೀಲಿಂಗಣ್ಣ ತಲೆ ಹೊರಳಿಸಿದ. ಟೀಚರಮ್ಮ ನಿದ್ದೆಹೋದ ಅಜ್ಜನ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

"ಏಳಿ" ಎಂದರು.

"ಇನ್ನೂ ಮುಕ್ಕಾಲು ಗಂಟೆ ಇದೆ ಮೇಡಂ."

"ಇರ್ಲಿ, ಏಳಿ. ಈ ಹಾಸಿಗೆ ಇವಳದು."

ಅವನು ಗಡಬಡಿಸಿ ಎದ್ದ. ತನ್ನ ಮೈಭಾರಕ್ಕೆ ಸುಕ್ಕಾಗಿದ್ದ ಹೊದಿಕೆಯನ್ನು ಅಂಗೈಯಿಂದ ಸವರಿ ಸವರಿ ಸರಿಮಾಡಿದ. ಟೀಚರಮ್ಮ ಬಗ್ಗಿ ಮಗುವನ್ನು ಮಲಗಿಸಿದರು, ತಾವೂ ಅಲ್ಲೇ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವನತ್ತ ನೋಡಲಿಲ್ಲ. ಸೀಲಿಂಗಣ್ಣ ಬಾಗಿಲವರೆಗೆ ತುದಿಗಾಲಲ್ಲಿ ನಡೆದು ಹೊರಗೆ ಬಂದ. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಂಡ. ಮನೆಗೆ ಹೋಗಬಹುದಾಗಿತ್ತು, ಹೋಗಲಿಲ್ಲ. ಗೇಟಿನ ಹೊರಗೆ ನಿಂತು, ಮಹಡಿಯ ಕಿಟಕಿಯಿಂದ ಬರುತ್ತಿದ್ದ ಧಬಧಬಕ್ಕೆ ಕಿವಿಗೊಟ್ಟ. ಮೂರು ಗಂಟೆಗೆ ಕುಣಿತ ನಿಂತಿತು. ಒಳಗೆ ಮಕ್ಕಳು ಒಂದೊಂದಾಗಿ ಎದ್ದು ಗಲಾಟೆ ಶುರುಮಾಡಿದವು. ಆಮೇಲೆ ಅವನು ಮನೆಯ ಕಡೆ ಹೊರಟ.